ಎಡಗಿವಿಯಲ್ಲಿದ್ದವನು

ನಮ್ಮ ಮಾವನ ದೇವರು ಇದ್ದದ್ದು ಅವರ ಎಡಗಿವಿಯಲ್ಲಿ. ತಮಾಷೆಗೆ ಹೇಳುತ್ತಿಲ್ಲ. ಅಡುಗೆಮನೆಯ ನಲ್ಲಿ ಸ್ವಲ್ಪ ಸೋರುತ್ತದೆ ಎಂಬುದನ್ನು ಒಪ್ಪಿಕೊಂಡ ಹಾಗೆ ಮನೆಮಂದಿಯೆಲ್ಲ ಒಪ್ಪಿಕೊಂಡಿದ್ದ ಸಂಗತಿ ಅದು. ಬೆಳಿಗ್ಗೆ ಎದ್ದು ಮುಖ ತೊಳೆದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಕತ್ತನ್ನು ಒಂದು ಚೂರು ಓರೆ ಮಾಡಿ ಅವರು ಕಿವಿಗೊಡುತ್ತಿದ್ದರು. ಒಳಗೊಂದು ಸದ್ದು. ಮಾತಲ್ಲ, ಹಾಡಲ್ಲ, ಯಾರೋ ಬಾಯಿ ಮುಚ್ಚಿಕೊಂಡು ಒಂದೇ ಸಮನೆ ಗುನುಗುವಂಥದ್ದು. ಅದನ್ನು ಅವರು ‘ಅವನು’ ಎನ್ನುತ್ತಿದ್ದರು.

ಅವನು ಒಪ್ಪಿದರೆ ಸದ್ದು ತೆಳ್ಳಗಾಗುತ್ತಿತ್ತಂತೆ, ಒಪ್ಪದಿದ್ದರೆ ಏರುತ್ತಿತ್ತಂತೆ. ಮನೆ ಬದಲಿಸುವುದು, ಮಗನನ್ನು ಯಾವ ಓದಿಗೆ ಹಾಕುವುದು, ಮಂಚವನ್ನು ಯಾವ ಗೋಡೆಗೆ ತಾಗಿಸುವುದು, ಎಲ್ಲಕ್ಕೂ ಮಾವನದು ಒಂದೇ ಉತ್ತರ: “ಕೇಳಿ ಹೇಳ್ತೀನಿ.” ನನ್ನ ಮದುವೆಯ ಮಾತು ಬಂದಾಗಲೂ ಹಾಗೆಂದು ಎದ್ದುಹೋಗಿ, ನಮ್ಮಪ್ಪನ ಮನೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, ಒಳಗೆ ಬಂದು “ಆಗ್ಬಹುದು” ಎಂದಿದ್ದರು. ಪಾಪ, ನಮ್ಮಪ್ಪ ಅವರಿಗೆ ಸೆಖೆಯಾಯಿತೆಂದು ಫ್ಯಾನಿನ ವೇಗ ಜಾಸ್ತಿ ಮಾಡಿದ್ದ. ಒಟ್ಟಿನಲ್ಲಿ ನಾನು ಈ ಮನೆಯ ಸೊಸೆಯಾದದ್ದು ಒಂದು ಗುಂಯ್ ಸದ್ದಿನ ದಯೆಯಿಂದ.

ಅತ್ತೆಗೆ ಇದು ಸೇರುತ್ತಿರಲಿಲ್ಲ. ಅವರಿಗೆ ಅವರದೇ ದೇವರಿದ್ದ, ಹೆಚ್ಚಿನವರಿಗೆ ಇರುವಂಥವನು, ಮೇಲೆಲ್ಲೋ ತನ್ನ ಪಾಡಿಗೆ ತಾನಿರುವವನು. “ನನ್ನ ದೇವ್ರು ಬಾಯಿ ಬಿಡಲ್ಲ. ಅದಕ್ಕೇ ಮರ್ಯಾದೆಯಾಗಿದ್ದಾನೆ. ನಿಮ್ಮ ಮಾವನದು ಬರೀ ಬಾಯಿಬಡುಕ,” ಎನ್ನುತ್ತಿದ್ದರು. ಜಗಳವಾದಾಗ ಮಾವ ಮಾತು ಬಿಟ್ಟು ಕುರ್ಚಿಗೆ ಹೋಗಿ ಕೂತರೆ, “ಹೋದ್ರು, ಚಾಡಿ ಹೇಳೋಕೆ,” ಎಂದು ಪಾತ್ರೆ ಕುಕ್ಕುತ್ತಿದ್ದರು.

ನನ್ನ ವಿಷಯ ಕೇಳಿದರೆ, ದೇವರಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ, ವಿಚಾರಿಸಲು ಪುರುಸೊತ್ತೂ ಆಗಿರಲಿಲ್ಲ. ನನ್ನ ಕೆಲಸ ಕಿವಿ. ಆಸ್ಪತ್ರೆಯ ಎದುರಿನ ಬೀದಿಯಲ್ಲಿ, ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ, ಕಿವಿ ಪರೀಕ್ಷೆ ಮಾಡಿ ಮಿಷನ್ನು ಕೂರಿಸುತ್ತೇನೆ. ಮಾವ ಅದಕ್ಕೇ ನನ್ನನ್ನು ಡಾಕ್ಟ್ರಮ್ಮ ಎನ್ನುವುದು. ಡಾಕ್ಟರು ನಾನಲ್ಲ ಎಂದು ಹೇಳಿ ಹೇಳಿ ಸುಸ್ತಾಗಿ ಬಿಟ್ಟಿದ್ದೇನೆ. ಈ ಕೆಲಸದಲ್ಲಿ ಒಂದು ವಿದ್ಯೆ ಮಾತ್ರ ನನಗೆ ಚೆನ್ನಾಗಿ ಹತ್ತಿದೆ. ಕಿವಿ ಕೇಳಿಸದವರು ನಾವು ಏನೇ ಕೇಳಿದರೂ ನಗುತ್ತಾ ತಲೆಯಾಡಿಸುತ್ತಾರೆ. ಕೇಳಿಸಲಿಲ್ಲ ಎನ್ನಲು ನಾಚಿಕೆ, ಮತ್ತೆ ಮತ್ತೆ ಹೇಳಿಸಲು ಸಂಕೋಚ. ‘ಊಟ ಆಯ್ತಾ’ ಎಂದರೂ ಹೂಂ, ‘ನಿಮ್ಮ ಮನೆಗೆ ಬೆಂಕಿ ಬಿದ್ದಿದೆ’ ಎಂದರೂ ಹೂಂ. ಕೇಳಿಸಿ ಆಡಿಸುವ ತಲೆಗೂ ಕೇಳಿಸದೆ ಆಡಿಸುವ ತಲೆಗೂ ವ್ಯತ್ಯಾಸವಿದೆ, ಅದನ್ನು ನಾನು ಬಾಗಿಲಲ್ಲೇ ಹಿಡಿಯುತ್ತೇನೆ.

ಮಾವನ ಕಿವಿಯೊಳಗೆ ಇದ್ದದ್ದು ಏನೆಂದೂ ನನಗೆ ಮೊದಲಿನಿಂದಲೇ ಗೊತ್ತಿತ್ತು. ಅವರು ಜೀವಮಾನವಿಡೀ ದುಡಿದದ್ದು ಬಟ್ಟೆ ಗಿರಣಿಯ ಮಗ್ಗದ ಸಾಲಿನಲ್ಲಿ. ಅಲ್ಲಿ ಪಕ್ಕದವನೊಂದಿಗೆ ಮಾತಾಡಲೂ ಕೈಸನ್ನೆಯೇ ಬೇಕು. ಅಂಥ ಗದ್ದಲದಲ್ಲಿ ಕಿವಿಯ ಒಳಗಿನ ಸೂಕ್ಷ್ಮ ಎಳೆಗಳು ಸತ್ತುಹೋಗುತ್ತವೆ. ಸತ್ತ ಜಾಗದಿಂದ ಸುದ್ದಿ ಬಾರದಿದ್ದರೆ ಮೆದುಳು ಸುಮ್ಮನಿರುವುದಿಲ್ಲ, ತಾನೇ ಒಂದು ಸದ್ದು ಹುಟ್ಟಿಸಿಕೊಳ್ಳುತ್ತದೆ. ಕಿವಿಮೊರೆತ ಎನ್ನುತ್ತೇವೆ ಅದಕ್ಕೆ. ಗಿರಣಿಯವರು, ಬಡಗಿಗಳು, ಡ್ರಮ್ಮು ಬಾರಿಸುವವರು ಅದರ ಕಾಟ ತಾಳಲಾರದೆ ನನ್ನಲ್ಲಿಗೆ ಬಂದು ಅಳುತ್ತಾರೆ. ಮಾವ ಅದನ್ನು ಕುರ್ಚಿ ಹಾಕಿ ಕೂರಿಸಿಕೊಂಡಿದ್ದರು. ಇದನ್ನೆಲ್ಲ ಅವರಿಗೆ ಬಿಡಿಸಿ ಹೇಳಿ ಏನಾಗಬೇಕಿತ್ತು? ನಾನು ಬಾಯಿ ಮುಚ್ಚಿಕೊಂಡಿದ್ದೆ.

ಬಾಯಿ ಮುಚ್ಚಿಕೊಂಡಿದ್ದವಳು ಕೈಯನ್ನೂ ಸುಮ್ಮನೆ ಇಟ್ಟುಕೊಳ್ಳಬೇಕಿತ್ತು. ಆದರೆ ಒಂದು ದಿನ ಸಾಮಾನಿನ ಲಾರಿಯೊಂದು ಹಿಂದಕ್ಕೆ ಬರುತ್ತಿದ್ದಾಗ ಮಾವ ಅದರ ಬೆನ್ನಿಗೇ ನಿಂತು ಟೊಮೇಟೊ ಆರಿಸುತ್ತಿದ್ದರು. ಬೀದಿಗೆ ಬೀದಿಯೇ ಕೂಗಿದರೂ ಅವರಿಗೆ ಕೇಳಿಸಲಿಲ್ಲ. ಅಂಗಡಿಯವನು ಕಾಲರು ಹಿಡಿದು ಎಳೆದದ್ದಕ್ಕೆ ಉಳಿದರು. ಬಲಗಿವಿ ಎಂದೋ ಸಂಪೂರ್ಣ ಹೋಗಿತ್ತು, ಎಡಗಿವಿಯೂ ಹೋಗುವ ದಾರಿಯಲ್ಲಿತ್ತು. ಮನೆಗೊಬ್ಬಳು ಕಿವಿಯವಳಿದ್ದೂ ಮಾವ ಹೀಗಿದ್ದರೆ ನೋಡಿದವರು ಏನಂದಾರು, ಮಿಷನ್ನು ಹಾಕಿಸಲೇಬೇಕು ಎಂದು ನನ್ನ ಗಂಡ ಹಿಡಿದ ಪಟ್ಟು ಬಿಡಲಿಲ್ಲ. ಮಾವ “ಕೇಳಿ ಹೇಳ್ತೀನಿ” ಎಂದು ಹೋಗಿ ಕೂತರು. ಎದ್ದು ಬಂದು, “ಬೇಡ ಅನ್ಲಿಲ್ಲ,” ಎಂದರು.

ಎಡಗಿವಿಯ ಅಚ್ಚು ತೆಗೆದು, ಮಿಷನ್ನು ತರಿಸಿ, ನಾನೇ ಕೂರಿಸಿದೆ. ಆ ದಿನದ ಮಾವನ ಮುಖ ನೋಡಬೇಕಿತ್ತು. ನನ್ನ ಕೀಲಿಗೊಂಚಲು, ಕಾಗದ ಮಡಿಸುವ ಸದ್ದು, ಕೆಳಗಿನ ಕನ್ನಡಕದ ಅಂಗಡಿಯವನ ಸೀನು, ಎಲ್ಲಕ್ಕೂ ಅವರು ಹೊಸದಾಗಿ ಕಣ್ಣು ಬಿಟ್ಟ ಹಾಗೆ ತಿರುಗಿ ತಿರುಗಿ ನೋಡಿದರು. ಮನೆಗೆ ಬಂದು ಅತ್ತೆಯ ಮಾತು ಕೇಳಿ, “ಇವಳ ದನಿ ಇಷ್ಟು ದಪ್ಪ ಇತ್ತಾ?” ಎಂದರು. ಅತ್ತೆ ಆ ದಿನವಿಡೀ ಮಾತಾಡಲಿಲ್ಲ. ನನಗೆ ನನ್ನ ಕೆಲಸದ ಮೇಲೆ ಹೆಮ್ಮೆಯಾಗಿತ್ತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆಮೇಲೆ ಮಾವ ದಿನದಿಂದ ದಿನಕ್ಕೆ ಮಂಕಾದರು. ಕಿಟಕಿಯ ಬಳಿ ಕೂರುತ್ತಿದ್ದರು, ಕತ್ತು ಓರೆ ಮಾಡುತ್ತಿದ್ದರು, ಆದರೆ ಬೇಗ ಎದ್ದುಬಿಡುತ್ತಿದ್ದರು. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಿದ್ದರು. ಆ ಮಂಕನ್ನೂ ಈ ಸುಸ್ತನ್ನೂ ನಾವು ಒಂದೇ ಎಂದುಕೊಂಡೆವು. ಆಸ್ಪತ್ರೆಗೆ ಕರೆದೊಯ್ದಾಗ ಹೃದಯದ ಡಾಕ್ಟರು, ಒಂದು ವಾಲ್ವು ಸವೆದುಹೋಗಿದೆ, ಬದಲಿಸಬೇಕು ಎಂದರು. ಬದಲಿಸದಿದ್ದರೆ? ಯಾವತ್ತು ಬೇಕಾದರೂ ಏನು ಬೇಕಾದರೂ ಆಗಬಹುದು. ಬದಲಿಸಿದರೆ? ಈ ವಯಸ್ಸಿಗೆ, ಈ ಎದೆಗೆ, ಆಪರೇಷನ್ನಿನಲ್ಲೂ ಅಪಾಯ ಉಂಟು. “ನಾನು ಹೀಗೇ ಮಾಡಿ ಅಂತ ಒತ್ತಾಯ ಮಾಡಲ್ಲ. ಈ ವಾರದೊಳಗೆ ಹೇಳಿ,” ಎಂದರು. ಅತ್ತ ದರಿ ಇತ್ತ ಪುಲಿ ಎಂಬುದನ್ನು ಇಷ್ಟು ಸಭ್ಯವಾಗಿ ಹೇಳಿದವರನ್ನು ನಾನು ನೋಡಿರಲಿಲ್ಲ.

ಮಾವ ಎಂದಿನಂತೆ, “ಕೇಳಿ ಹೇಳ್ತೀನಿ,” ಎಂದರು. ಆದರೆ ಮನೆಗೆ ಬಂದವರು ಕಿಟಕಿಯ ಬಳಿ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ನಾನು ಚಹಾ ಕೊಟ್ಟು, “ಕೇಳಿದ್ರಾ ಮಾವ?” ಎಂದೆ.

ಅವರು ಲೋಟ ಕೆಳಗಿಟ್ಟರು. ಕಿವಿಯಿಂದ ಮಿಷನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು, ಮತ್ತೆ ಹಾಕಿಕೊಂಡರು.

“ಅವನಿಲ್ಲಮ್ಮ,” ಎಂದರು.

“ಅಂದ್ರೆ?”

“ಇದು ಹಾಕ್ದಾಗಿಂದ ಇಲ್ಲ. ತೆಗೆದ್ರೂ ಬರಲ್ಲ. ಮೊದಲು ಕಾಯ್ದೆ, ಎಲ್ಲೋ ಹೋಗಿರ್ತಾನೆ, ಬರ್ತಾನೆ ಅಂತ. ನಿನಗೆ ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ ಸುಮ್ಮನಿದ್ದೆ.” ಆಮೇಲೆ, ಬೈಯುವ ಹಾಗಲ್ಲ, ಕನ್ನಡಕ ಎಲ್ಲಿಟ್ಟೆ ಎಂದು ಕೇಳುವ ಹಾಗೆ ಕೇಳಿದರು, “ಎಲ್ಲಿ ಹಾಕ್ದೆ ಡಾಕ್ಟ್ರಮ್ಮ ಅವನನ್ನ?”

ಏನು ಹೇಳಲಿ? ಹೊರಗಿನ ಸದ್ದು ಒಳಗೆ ಬರತೊಡಗಿದರೆ ಕೆಲವರಿಗೆ ಮೊರೆತ ಇಳಿಯುತ್ತದೆ, ಮಿಷನ್ನು ತೆಗೆದ ಮೇಲೂ ಕೆಲಕಾಲ ಬಾರದಿರುವುದುಂಟು. ಅದು ಹೋಯಿತೆಂದು ಜನ ನನ್ನ ಕೈ ಹಿಡಿದು ಅತ್ತದ್ದಿದೆ. ನನ್ನ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಯಶಸ್ಸಿಲ್ಲ. ಅದು ಕಾಯಿಲೆ ಮಾವ, ವಾಸಿಯಾಗಿದೆ ಎನ್ನಲೇ? ಹಾಗೆಂದರೆ ಇಷ್ಟು ವರ್ಷ ಅವರು ಕೇಳಿದ್ದೆಲ್ಲ, ಒಪ್ಪಿದ್ದೆಲ್ಲ ಕಾಯಿಲೆಯ ಮಾತಾಗುತ್ತದೆ. ನಾನೂ ಆ ಪಟ್ಟಿಯಲ್ಲಿ ಸೇರಿದ್ದೇನೆ. ಅಲ್ಲ ಎನ್ನಲೇ? ಹಾಗೆಂದರೆ ಬ್ಯಾಟರಿ ಹಾಕಿದ ಬಟಾಣಿಕಾಳಿನಷ್ಟು ವಸ್ತುವಿನಿಂದ ನಾನು ದೇವರನ್ನು ಓಡಿಸಿದೆ ಎಂದಾಗುತ್ತದೆ. ಯಾವ ಕಡೆಯಿಂದ ಹಿಡಿದರೂ ತಲೆಬುಡ ಸಿಗಲಿಲ್ಲ.

“ಅವನು ಇಲ್ದೆ ನಾನು ಆ ಮೇಜಿನ ಮೇಲೆ ಮಲಗಲ್ಲ,” ಎಂದರು ಮಾವ. “ಅವನು ಬೇಡ ಅಂದಿದ್ರೆ? ನನಗೆ ಹೇಗೆ ಗೊತ್ತಾಗ್ಬೇಕು?”

ಅಚ್ಚುಕೂಟದ ಕೆಲಸ ಮುಗಿಸಿ ಬಂದ ನನ್ನ ಗಂಡನಿಗೆ ಎಲ್ಲ ಹೇಳಿದೆ. ಅವರು ಉಗುರಿನ ಸಂದಿಯ ಮಸಿ ಉಜ್ಜುತ್ತಾ ಬಹಳ ಹೊತ್ತು ಯೋಚಿಸಿ, “ನೀನು ತೆಗ್ದಿದ್ದು, ನೀನೇ ವಾಪಸ್ ಹಾಕು,” ಎಂದರು. ದೇವರೇನು ಗೋಡೆಯ ಮೊಳೆಯೇ ಎಂದು ರೇಗಿದೆ. ರೇಗಿದ ಮೇಲೆ ನೆನಪಾಯಿತು, ಹಾಕಬಹುದು.

ಮೊರೆತದಿಂದ ನಿದ್ದೆಗೆಟ್ಟವರಿಗಾಗಿ ಈ ಮಿಷನ್ನುಗಳಲ್ಲೇ ಒಂದು ಸದ್ದು ತುಂಬುವ ವ್ಯವಸ್ಥೆಯಿದೆ. ಮೊದಲು ರೋಗಿಯ ಕಿವಿಯಲ್ಲಿರುವ ಸದ್ದು ಎಂಥದೆಂದು ಹುಡುಕಬೇಕು, ಅದಕ್ಕೆ ಸರಿಹೊಂದುವ ಸದ್ದನ್ನು ಕಂಪ್ಯೂಟರಿನಿಂದ ಮಿಷನ್ನಿಗೆ ಇಳಿಸಬೇಕು. ಅದು ಮೊರೆತವನ್ನು ಮರೆಸಲು ಇರುವ ಉಪಾಯ. ನಾನು ಅದನ್ನು ತಿರುಗಾಮುರುಗಾ ಮಾಡಬೇಕಿತ್ತು, ಅಷ್ಟೆ. ಇನ್ನೂ ಒಂದಿತ್ತು. ಆ ಸದ್ದನ್ನು ಫೋನಿನಿಂದಲೇ ಏರಿಸಬಹುದು, ಇಳಿಸಬಹುದು. ಇದು ಹೊಳೆದಾಗ ನನಗೆ ಭಯವಾಯಿತು. ಖುಷಿಯೂ ಆಯಿತು ಎಂದು ಬರೆಯದಿದ್ದರೆ ಸುಳ್ಳಾಗುತ್ತದೆ.

ಮಾವನನ್ನು ನಾನು ಕಿವಿ ಪರೀಕ್ಷಿಸುವ, ಸದ್ದು ನುಗ್ಗದ ಪುಟ್ಟ ಕೋಣೆಯಲ್ಲಿ ಕೂರಿಸಿ, ಗಾಜಿನ ಈಚೆಗೆ ನಾನು ಕೂತೆ. “ಅವನು ಹೇಗಿದ್ದ ಹೇಳ್ತಾ ಹೋಗಿ, ಒಂದು ನಕಲು ಮಾಡೋಣ,” ಎಂದಿದ್ದೆ. “ಫೋಟೋ ಥರನಾ?” ಎಂದು ಕೇಳಿದ್ದರು. ಹೂಂ ಎಂದಿದ್ದೆ. “ಫೋಟೋ ಆದ್ರೂ ಸಾಕು,” ಎಂದಿದ್ದರು.

ಒಂದು ಸದ್ದು ಬಿಟ್ಟೆ. “ಇದು ಸೊಳ್ಳೆ,” ಎಂದರು. ಕೆಳಗಿಳಿಸಿದೆ. “ಇದು ಫ್ರಿಜ್ಜು.” ನಡುವಿನದನ್ನು ಹಿಡಿದೆ. “ಹತ್ರ ಇದೆ, ಆದ್ರೆ ಇವನಿಗೆ ಸಿಟ್ಟು ಜಾಸ್ತಿ.” ಎರಡು ಸದ್ದು ಬೆರೆಸಿದೆ, ಒಂದನ್ನು ಮೆತ್ತಗೆ ಮಾಡಿದೆ, ಅಂಚು ಸವರಿದೆ. ಹೊಲಿಗೆಯವನ ಮುಂದೆ ನಿಂತ ಗಿರಾಕಿಯ ಹಾಗೆ ಮಾವ ತೋಳು ಉದ್ದ, ಕಾಲರು ಬಿಗಿ ಎಂದು ತಿದ್ದಿಸುತ್ತಲೇ ಇದ್ದರು. ನಡುವೆ ಒಮ್ಮೆ ನನಗೆ ನಗು ಬಂತು, ಇಷ್ಟೊಂದು ಅಳತೆ ಕೊಟ್ಟು ಯಾರೂ ದೇವರನ್ನು ಮಾಡಿಸಿರಲಾರರು ಎಂದು. ಆಮೇಲೆ ಗುಂಡಿ ತಿರುಗಿಸುತ್ತಿದ್ದ ನನ್ನ ಕೈಯನ್ನು ಗಾಜಿನ ಆಚೆಯಿಂದಲೇ ಅವರು ಕೈಯೆತ್ತಿ ನಿಲ್ಲಿಸಿದರು. ಕಣ್ಣಿನಿಂದ ನೀರು ಇಳಿದು ಮೀಸೆಗೆ ಸೇರಿತು. ನಾನು ನಗುವುದನ್ನು ನಿಲ್ಲಿಸಿದೆ.

ಆ ಸದ್ದನ್ನು ಮಿಷನ್ನಿಗೆ ಇಳಿಸಿ ಮನೆಗೆ ಕರೆತಂದೆ. ಡಾಕ್ಟರಿಗೆ ಉತ್ತರ ಕೊಡುವ ಗಡುವು ಹತ್ತಿರವಾಗಿತ್ತು. ಬೆಳಿಗ್ಗೆ ಮಾವ ಮುಖ ತೊಳೆದು ಕುರ್ಚಿಗೆ ಹೋಗಿ ಕೂತರು, ಕತ್ತು ಓರೆ ಮಾಡಿದರು. ನಾನು ಅಡುಗೆಮನೆಯಲ್ಲಿ ಫೋನು ಹಿಡಿದು ನಿಂತೆ. ತೆರೆಯ ಮೇಲೆ ಒಂದು ಗೆರೆ, ಗೆರೆಯ ಮೇಲೆ ಒಂದು ಚುಕ್ಕೆ. ಚುಕ್ಕೆಯನ್ನು ಎಡಕ್ಕೆ ಸರಿಸಿದರೆ ಸದ್ದು ಇಳಿಯುತ್ತದೆ, ಅವನು ಒಪ್ಪಿದ ಹಾಗಾಗುತ್ತದೆ. ಬಲಕ್ಕೆ ಸರಿಸಿದರೆ ಏರುತ್ತದೆ.

ಅತ್ತೆಗೆ ಎಲ್ಲ ಗೊತ್ತಿತ್ತು. ಪಾಪ ಬರುತ್ತದೆ ಎನ್ನಬಹುದು ಎಂದುಕೊಂಡಿದ್ದೆ. ಅವರು ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದರು, “ಇಳಿಸು. ಮದುವೆಯಾದಾಗಿಂದ ಈ ಮನೇಲಿ ಅವನ ಮಾತೇ ನಡ್ದಿರೋದು. ಒಂದು ಸಲ ನಮ್ಮದೂ ನಡೀಲಿ.”

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯೂ ನಾನೇ, ದೇವರೂ ನಾನೇ, ಆದರೂ ಬೆರಳು ಸರಿಯಲಿಲ್ಲ. ಇಳಿಸಿದರೆ ಅವರು ಒಪ್ಪುತ್ತಾರೆ. ಒಪ್ಪಿ ಮಲಗಿದ ಮೇಲೆ ಅಲ್ಲಿ ಏನಾದರೂ ಆದರೆ? ಏರಿಸಿದರೆ ಬೇಡ ಎನ್ನುತ್ತಾರೆ. ಬೇಡವೆಂದು ಮನೆಯಲ್ಲಿದ್ದು, ಮೆಟ್ಟಿಲ ನಡುವೆ ಒಂದು ದಿನ ಕುಸಿದರೆ? ಡಾಕ್ಟರಿಗೇ ಗೊತ್ತಿಲ್ಲದ್ದು ನನಗೆ ಹೇಗೆ ಗೊತ್ತಿರಬೇಕು? ಹೆಬ್ಬೆರಳು ಬೆವರಿ ತೆರೆ ಒದ್ದೆಯಾಯಿತು. ಸೆರಗಿಗೆ ಒರೆಸಿಕೊಂಡೆ.

“ಏನೇ ಅದು ಯೋಚನೆ?” ಎಂದರು ಅತ್ತೆ.

“ಯಾರನ್ನ ಕೇಳೋದು ಅಂತ,” ಎಂದೆ.

ನನ್ನ ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ. ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ, “ತಾ ಇಲ್ಲಿ,” ಎಂದು ಫೋನು ಕಸಿದುಕೊಂಡರು. ಬೆರಳನ್ನು ಚುಕ್ಕೆಯ ಹತ್ತಿರ ತಂದರು. ನಲ್ಲಿ ತೊಟ್ಟಿಕ್ಕುತ್ತಿತ್ತು. ಅವರ ಬೆರಳು ಅಲ್ಲೇ ನಿಂತಿತ್ತು. ಕೊನೆಗೆ, “ತಗೋ, ನನ್ನ ಕೈಲಾಗಲ್ಲ,” ಎಂದು ವಾಪಸು ಕೊಟ್ಟು ಹೋಗಿ ಸುಮ್ಮಸುಮ್ಮನೆ ನಲ್ಲಿಯನ್ನು ಬಿಗಿಯಾಗಿ ತಿರುವಿದರು.

ಅಷ್ಟರಲ್ಲಿ ಮಾವ ಕರೆದರು. “ಡಾಕ್ಟ್ರಮ್ಮ, ಸ್ವಲ್ಪ ಬಾ ಇಲ್ಲಿ.”

ಹೋದೆ. ಫೋನು ಕೈಯಲ್ಲೇ ಇತ್ತು. ಎದುರಿನ ಬೆತ್ತದ ಮೋಡಾ ತೋರಿಸಿ ಕೂರು ಎಂದರು.

“ಚೆನ್ನಾಗಿ ಮಾಡಿದೀಯ,” ಎಂದರು. “ಅವನ ಥರಾನೇ ಇದೆ. ಕಣ್ಣು ಮುಚ್ಚಿದ್ರೆ ವ್ಯತ್ಯಾಸ ಗೊತ್ತಾಗಲ್ಲ. ಆದ್ರೆ ಆರಿಸ್ಬಿಡಮ್ಮ ಇದನ್ನ.”

“ಯಾಕೆ ಮಾವ?”

“ಇದು ನನ್ನ ಮಾತು ಕೇಳಿಸ್ಕೊಳ್ಳಲ್ಲ.”

ನನಗೆ ಅರ್ಥವಾಗಲಿಲ್ಲ. ನಾನು ತಿಳಿದುಕೊಂಡಿದ್ದದ್ದು ಮಾವ ಅವನನ್ನು ಕೇಳಿಸಿಕೊಳ್ಳುತ್ತಾರೆಂದು. ಅವನು ಇವರನ್ನು ಕೇಳಿಸಿಕೊಳ್ಳುವುದು ಲೆಕ್ಕದಲ್ಲೇ ಇರಲಿಲ್ಲ. “ಅವನು ಕೇಳಿಸ್ಕೋತಿದ್ದ ಅಂತ ನಿಮಗೆ ಹೇಗೆ ಗೊತ್ತಾಗ್ತಿತ್ತು?” ಎಂದೆ.

“ಗೊತ್ತಾಗುತ್ತಮ್ಮ, ಎದುರಿಗಿರೋರು ಕೇಳಿಸ್ಕೋತಿದಾರೋ ಇಲ್ವೋ ಅಂತ. ಕಿವುಡರಿಗೆ ಇನ್ನೂ ಬೇಗ ಗೊತ್ತಾಗುತ್ತೆ.”

ಫೋನಿನಲ್ಲಿ ಸದ್ದನ್ನು ಆರಿಸಿದೆ. ಮಾವ ಫೋನು ನೋಡಿದರು, ನನ್ನನ್ನು ನೋಡಿದರು. ಅಡುಗೆಮನೆಯ ಬಾಗಿಲಿನ ಹಿಂದೆ ಕಾಣುತ್ತಿದ್ದ ಅತ್ತೆಯ ಸೀರೆಯ ಅಂಚನ್ನೂ ನೋಡಿದರು.

“ಅದ್ರಲ್ಲೇ ಆರಿಸ್ಬಹುದಾ? ಹಾಗಾದ್ರೆ ಇಳಿಸೋಕೂ ಆಗುತ್ತಾ?”

“ಆಗುತ್ತೆ.”

“ಏರಿಸೋಕೆ?”

“ಅದೂ ಆಗುತ್ತೆ.”

“ಮತ್ತೆ ಯಾಕೆ ಸುಮ್ಮನಿದ್ದೆ?”

“ಏರಿಸ್ಬೇಕೋ ಇಳಿಸ್ಬೇಕೋ ಗೊತ್ತಾಗ್ಲಿಲ್ಲ ಮಾವ.”

ಸಿಟ್ಟಾಗುತ್ತಾರೆಂದು ತಲೆ ತಗ್ಗಿಸಿದ್ದೆ. ಅವರು ನಕ್ಕರು, ಹೊಟ್ಟೆ ಕುಲುಕುವಂತೆ, ಉಸಿರು ಸಾಲದೆ ಎದೆ ಹಿಡಿದುಕೊಳ್ಳುವವರೆಗೂ. “ಅವನ ಕೆಲಸ ಸಸಾರ ಅನ್ಕೊಂಡಿದ್ಯಾ?” ಎಂದರು.

ನಗು ನಿಂತ ಮೇಲೆ ಅವರು ಮಾತಾಡತೊಡಗಿದರು. ನನಗೆ ಹೇಳಿದರೋ ಕಿಟಕಿಗೆ ಹೇಳಿದರೋ ಗೊತ್ತಾಗಲಿಲ್ಲ. ಅವರಿಗೆ ನನ್ನ ಗಂಡನಿಗಿಂತ ಮೊದಲು ಒಂದು ಹೆಣ್ಣುಮಗುವಿತ್ತು ಎಂಬುದು ಮಾತ್ರ ನನಗೆ ಗೊತ್ತಿತ್ತು, ಅದು ಜ್ವರದಲ್ಲಿ ಹೋದದ್ದನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮಗುವನ್ನು ಮಣ್ಣು ಮಾಡಿದ ಮರುದಿನ ಮಾವ ಗಿರಣಿಗೆ ಹೋಗಿದ್ದರಂತೆ. ಮನೆಯಲ್ಲಿದ್ದರೆ ಮಗುವಿನ ಅಳು ಕೇಳಿಸದೆ ಹುಚ್ಚು ಹಿಡಿಯುತ್ತಿತ್ತು, ಗದ್ದಲದಲ್ಲಾದರೆ ಏನೂ ಕೇಳಿಸುವುದಿಲ್ಲವಲ್ಲ ಎಂದು. ನಡುಮಧ್ಯಾಹ್ನ ಕರೆಂಟು ಹೋಯಿತು. ಸಾಲಿಗೆ ಸಾಲು ಮಗ್ಗ ನಿಂತವು. ಹತ್ತಿಯ ದೂಳು ಗಾಳಿಯಲ್ಲಿ ಹಾಗೇ ನಿಂತಿತ್ತು.

“ಎಲ್ಲಾ ನಿಂತ್ರೂ ಒಂದು ನಿಲ್ಲಲಿಲ್ಲಮ್ಮ,” ಎಂದರು. “ಇಲ್ಲಿ, ಈ ಕಿವೀಲಿ. ಎಲ್ಲಾ ನಿಂತ ಮೇಲೂ ಒಂದು ನಿಲ್ಲಲಿಲ್ಲ ಅಂದ್ರೆ ಏನಂತ ಅನ್ಕೋಬೇಕು? ಅವತ್ತು ಅದಕ್ಕೆ ಮಗು ವಿಷಯ ಹೇಳ್ದೆ. ಬೇರೆ ಯಾರಿಗೂ ಹೇಳೋ ಹಾಗಿರ್ಲಿಲ್ಲ. ಇವಳಿಗೆ ಹೇಗೆ ಹೇಳ್ಲಿ, ಇವಳ ಹೊಟ್ಟೇಲೂ ಅದೇ ಸಂಕಟ.”

ಬಾಗಿಲ ಹಿಂದಿನ ಸೀರೆಯ ಅಂಚು ಅಲುಗಲಿಲ್ಲ.

ಅವರು ತುಂಬ ಹೊತ್ತು ಮಾತಾಡಿದರು. ಆಪರೇಷನ್ನಿನ ಭಯವಲ್ಲ, ಅರವಳಿಕೆಯ ಭಯವೆಂದರು. ಅಷ್ಟು ಹೊತ್ತು ಯಾರ ಜೊತೆಗೂ ಇಲ್ಲದೆ ಇರಬೇಕಲ್ಲ ಎಂದರು. ಮೊಮ್ಮಕ್ಕಳಿಲ್ಲವೆಂದು ನನ್ನನ್ನು ಒಂದು ದಿನವೂ ಕೇಳಲಿಲ್ಲ, ಆದರೆ ಅವನ ಹತ್ತಿರ ಕೇಳಿದ್ದರಂತೆ. ಅತ್ತೆಯ ದನಿ ದಪ್ಪವೆಂದದ್ದು ತಪ್ಪಾಯಿತು, ಹಳೆಯ ದನಿಯೇ ಕಿವಿಯಲ್ಲಿ ಉಳಿದುಬಿಟ್ಟಿತ್ತು ಎಂದರು. ನಾನು ಹೂಂ ಎಂದೂ ಅನ್ನಲಿಲ್ಲ. ಅನ್ನಲು ತೋಚಲಿಲ್ಲ, ಅಷ್ಟೆ. ಮಾತು ಮುಗಿದ ಮೇಲೆ ಅವರು ಮೊಣಕಾಲಿನ ಮೇಲೆ ಕೈಯೂರಿ ಎದ್ದರು.

“ಸರಿ. ಆಸ್ಪತ್ರೆಗೆ ಹೇಳ್ಬಿಡು, ಮಾಡಿಸ್ಕೋತೀನಿ.”

ನನಗೆ ಗಾಬರಿಯಾಯಿತು. “ನಾನೇನೂ ಹೇಳ್ಲಿಲ್ಲವಲ್ಲ ಮಾವ.”

“ಅವನೂ ಏನೂ ಹೇಳ್ತಿರ್ಲಿಲ್ಲ.”

“ಮತ್ತೆ ಏರ್ತಾನೆ, ಇಳೀತಾನೆ ಅಂತಿದ್ರಿ?”

ಮಾವ ಬಾಗಿಲ ಹತ್ತಿರ ನಿಂತು ಯೋಚಿಸಿದರು. “ನಾನು ಎಲ್ಲಾ ಹೇಳಿ ಮುಗಿಸೋ ಹೊತ್ತಿಗೆ ಯಾವುದು ಸರಿ ಅಂತ ನನಗೇ ಅನ್ಸಿರೋದು. ಆಮೇಲೆ ಅದು ಇಳಿಯೋದು. ಮೊದಲು ಇಳಿದಿದ್ದು ಅವನೋ ನಾನೋ, ನೋಡೋಕೆ ಹೋಗ್ಲಿಲ್ಲ. ನೋಡ್ಬೇಕಿತ್ತಾ?”

ಹಾಗಾದರೆ ಅವನಿದ್ದನೋ ಇಲ್ಲವೋ? ಕೇಳಿಸಿಕೊಳ್ಳುವವರು ಯಾರಾದರೂ ಆದೀತೆಂದರೆ, ಇಷ್ಟು ವರ್ಷ ನಾವು ಮೂವರೂ ಅದೇ ಮನೆಯಲ್ಲಿ ಇದ್ದೆವಲ್ಲ, ನಮಗ್ಯಾಕೆ ಒಂದು ಮಾತೂ ಹೇಳಲಿಲ್ಲ? ಯಾರಾದರೂ ಆಗದು, ಅವನೇ ಆಗಬೇಕೆಂದರೆ, ಈ ಹೊತ್ತು ನನ್ನೆದುರು ಅವರು ಎದ್ದುನಿಂತದ್ದು ಹೇಗೆ? ನಾನು ಆಸ್ಪತ್ರೆಗೆ ಫೋನು ಮಾಡಿದೆ. ಮಾಡುವಾಗಲೂ ಅನುಮಾನ ಬಿಡಲಿಲ್ಲ, ಒಪ್ಪಿದವರು ಅವರಾದರೂ ಒಪ್ಪಿಸಿದವಳು ನಾನೇ ಇರಬಹುದೇ ಎಂದು. ಅಡುಗೆಮನೆಯಲ್ಲಿ ಅತ್ತೆ ಬೆನ್ನು ಹಾಕಿ ನಿಂತಿದ್ದರು. ಸಂಜೆ ಮಾವನಿಗೆ ಚಹಾ ಕೊಟ್ಟು, ಯಾವತ್ತೂ ಇಲ್ಲದ್ದು, ಅವರ ಕುರ್ಚಿಯ ಪಕ್ಕದಲ್ಲೇ ಮೋಡಾ ಹಾಕಿಕೊಂಡು ಕೂತರು.

ಆಪರೇಷನ್ನಿನ ದಿನ ಮಾವನನ್ನು ಗಾಲಿಮಂಚದಲ್ಲಿ ತಳ್ಳಿಕೊಂಡು ಬಂದರು. ಮೈಮೇಲಿನದೆಲ್ಲ ತೆಗೆಯಬೇಕೆಂದು ನರ್ಸು ಹೇಳಿದಳು. ಮಾವ ಮಿಷನ್ನು ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ಇನ್ನು ಅವರಿಗೆ ಏನೂ ಕೇಳಿಸುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಬಾಗಿಲ ಹತ್ತಿರ ಬಂದಾಗ ನಾನು ಬಗ್ಗಿ, ಆ ಎಡಗಿವಿಗೇ ಬಾಯಿ ಇಟ್ಟು ಕೇಳಿದೆ.

“ಮಾವ, ಅವನು ಬಂದನಾ?”

ಅವರು ನನ್ನನ್ನು ನೋಡಿ ನಕ್ಕು ತಲೆಯಾಡಿಸಿದರು.

ಬಾಗಿಲು ಮುಚ್ಚಿತು. ನಾನು ಅಲ್ಲೇ ನಿಂತೆ. ಕೇಳಿಸಿ ಆಡಿಸುವ ತಲೆಯನ್ನೂ ಕೇಳಿಸದೆ ಆಡಿಸುವ ತಲೆಯನ್ನೂ ಬಾಗಿಲಲ್ಲೇ ಹಿಡಿಯುವವಳು ನಾನು. ಅದು ಯಾವುದೆಂದು ನನಗೆ ತಿಳಿಯಲಿಲ್ಲ. ಅತ್ತೆ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತು ತಮ್ಮ ಬಾಯಿಲ್ಲದ ದೇವರಿಗೆ ತುಟಿ ಅಲುಗಿಸುತ್ತಿದ್ದರು. ನನ್ನ ಗಂಡ ಗೋಡೆಯ ಮೇಲಿನ ಸೂಚನೆಗಳನ್ನು ಒಂದೊಂದಾಗಿ ಓದುತ್ತಿದ್ದರು, ಅಕ್ಷರದ ತಪ್ಪು ಹುಡುಕುವ ಚಾಳಿ. ನನಗೆ ಮಾತ್ರ ಮಾಡಲು ಏನೂ ಇರಲಿಲ್ಲ. ಮುಷ್ಟಿಯಲ್ಲಿ ಮಿಷನ್ನು ಬೆಚ್ಚಗಾಗಿತ್ತು. ಹೊರಗಿಡುವಾಗ ಅದನ್ನು ಆರಿಸಬೇಕು, ಇಲ್ಲವಾದರೆ ಬ್ಯಾಟರಿ ಖರ್ಚಾಗುತ್ತದೆಂದು ದಿನಕ್ಕೆ ಹತ್ತು ಜನಕ್ಕೆ ಹೇಳುವವಳು ಅದನ್ನು ಆರಿಸಲಿಲ್ಲ. ಒಮ್ಮೆ ಮುಷ್ಟಿಯನ್ನು ಬಾಯಿಯ ಹತ್ತಿರ ತಂದೆ. ಏನೋ ಹೇಳಿದೆ. ಏನೆಂದು ಇಲ್ಲಿ ಬರೆಯುವುದಿಲ್ಲ.

ಡಾಕ್ಟರು ಹೊರಗೆ ಬಂದು, ಸದ್ಯಕ್ಕೆ ಎಲ್ಲ ಸರಿಯಾಗಿದೆ ಎಂದರು. ಮರುದಿನ ಒಬ್ಬೊಬ್ಬರಾಗಿ ನೋಡಲು ಬಿಟ್ಟರು. ನನ್ನ ಸರದಿ ಬಂದಾಗ ಮಾವ ನಳಿಕೆಗಳ ನಡುವೆ ಸಣ್ಣಗಾಗಿ ಮಲಗಿದ್ದರು, ಕಣ್ಣು ಮಾತ್ರ ಎಚ್ಚರವಾಗಿತ್ತು. ತಮ್ಮ ಕಿವಿ ತೋರಿಸಿ ಕೈ ಚಾಚಿದರು. ನಾನು ಮಿಷನ್ನು ಕೂರಿಸಿದೆ.

“ಒಳಗೆ ಹೋಗೋವಾಗ ಏನೋ ಕೇಳ್ದೆ ನೀನು,” ಎಂದರು, ಉಸಿರಿನಷ್ಟೇ ದನಿಯಲ್ಲಿ. “ನಾನು ಹೂಂ ಅಂದೆ. ಏನದು?”

ನಿಜ ಹೇಳಲು ಬಾಯಿ ತೆರೆದೆ. ಆಗಲಿಲ್ಲ.

“ವಾಪಸ್ ಬರ್ತೀರಾ ಅಂತ ಕೇಳ್ದೆ ಮಾವ.”

ಅವರು ಸ್ವಲ್ಪ ಹೊತ್ತು ಚಾವಣಿ ನೋಡಿದರು. ಮುಖದಲ್ಲಿ ನಿಧಾನವಾಗಿ ನಗು ಹರಡಿತು.

“ಬಂದೆನಲ್ಲ,” ಎಂದರು. “ನೋಡು, ಕೇಳಿಸ್ದೇ ಇದ್ರೂ ಸರಿಯಾಗೇ ಹೇಳಿದೀನಿ.”

ಬ್ಯಾಟರಿ ಬದಲಿಸಬೇಕೆಂದು ಸುಳ್ಳು ಹೇಳಿ, ಮುಖ ಕಾಣದಂತೆ, ಅವರ ಎಡಗಿವಿಯ ಹತ್ತಿರ ಬಗ್ಗಿದೆ.